ಉಪ್ಪು ಹಾಕದ ಪೆಟ್ಟಿಗೆ

ಪೆಟ್ಟಿಗೆಯಕ್ಕನ ಕೈಗೆ ಚಳಿ ತಾಗುತ್ತಿರಲಿಲ್ಲ. ಮೂವತ್ತೊಂದು ವರ್ಷ ದಿನಾ ಐಸಿನಲ್ಲಿ ಅದ್ದಿ ತೆಗೆದ ಕೈ ಅದು. ಬೆರಳ ತುದಿಗಳು ನೀರಲ್ಲಿ ನೆನೆಸಿಟ್ಟ ಕಾಳಿನ ಹಾಗೆ ಬೆಳ್ಳಗಾಗಿ ಸುಕ್ಕುಗಟ್ಟಿದ್ದವು. ಕುದಿಯುವ ಪಾತ್ರೆಯನ್ನು ಬಟ್ಟೆ ಹಿಡಿಯದೆ ಒಲೆಯಿಂದ ಇಳಿಸಿಬಿಡುತ್ತಿದ್ದಳು. ಅದನ್ನು ನೋಡಿದ ಅತ್ತೆ ಮುಖ ಕಿವುಚಿಕೊಂಡು, "ಮೀನಿನ ಜೊತೆ ಇವಳ ಕೈಯೂ ಸತ್ತಿದೆ" ಎನ್ನುತ್ತಿದ್ದಳು. ಆದರೆ ಅದೇ ಸತ್ತ ಕೈ ಮೀನಿನ ಹೊಟ್ಟೆಯನ್ನು ಒಮ್ಮೆ ಒತ್ತಿದರೆ ಸಾಕು, ಇದು ನಿನ್ನೆಯದು, ಇದು ಮೊನ್ನೆಯದು, ಇದನ್ನು ಯಾರೋ ಬಿಸಿಲಲ್ಲಿಟ್ಟು ಮರೆತು ಹೋಗಿದ್ದರು ಎಂದು ಹೇಳಿಬಿಡುತ್ತಿತ್ತು.

ದೋಣಿಕಟ್ಟೆಯ ಪಕ್ಕದ ಶೆಡ್ಡಿನಲ್ಲಿ ಅವಳ ಕೆಲಸ. ತಗಡಿನ ಮಾಡು, ಯಾವಾಗಲೂ ಒದ್ದೆಯಾಗಿರುವ ಸಿಮೆಂಟು ನೆಲ, ಮೂಲೆಯಲ್ಲಿ ಕರಕರ ಎಂದು ಐಸು ಅರೆಯುವ ಯಂತ್ರ. ಹದಿನಾಲ್ಕು ಹೆಂಗಸರು ಸಾಲಾಗಿ ನಿಂತು ಪೆಟ್ಟಿಗೆಗಳಿಗೆ ಮೀನು ತುಂಬುತ್ತಿದ್ದರು. ಅವರಿಗೆಲ್ಲ ಇವಳು ಅಕ್ಕ, ಇವಳ ಗಂಡ ಭಾವ. ಭಾವ ಗಡಿಯಾಚೆಗೆ ಮೀನು ಒಯ್ಯುವ ಲಾರಿಯ ಡ್ರೈವರು. ತುಂಬುವವಳು ಇವಳು, ಒಯ್ಯುವವನು ಅವನು. ಇವರ ಸಂಸಾರದಲ್ಲಿ ಬೆಚ್ಚಗಿರುವುದು ಅತ್ತೆಯ ಬಾಯಿ ಒಂದೇ ಎಂದು ಹೆಂಗಸರು ನಗೆಯಾಡುತ್ತಿದ್ದರು.

ಪೆಟ್ಟಿಗೆ ತುಂಬುವುದು ನೋಡಿದಷ್ಟು ಸುಲಭವಲ್ಲ. ಅಡಿಗೆ ಐಸು, ಅದರ ಮೇಲೆ ಹೊಟ್ಟೆ ಕೆಳಗಾಗಿ ಮೀನು, ಮತ್ತೆ ಐಸು, ಮತ್ತೆ ಮೀನು. ಒಂದೇ ಹಾಸಿಗೆಯಲ್ಲಿ ನಾಲ್ಕು ಮಕ್ಕಳನ್ನು ಮಲಗಿಸಿದ ಹಾಗೆ. ಒಂದಕ್ಕೊಂದು ತಾಗಬೇಕು, ಒಂದನ್ನೊಂದು ಅಮುಕಬಾರದು. ಎಲ್ಲಕ್ಕಿಂತ ಮೇಲಿನ ಐಸಿಗೆ ಒಂದು ಹಿಡಿ ಕಲ್ಲುಪ್ಪು. ಉಪ್ಪು ಬಿದ್ದ ಐಸಿನ ಚಳಿ ಬರೀ ಐಸಿನ ಚಳಿಗಿಂತ ಕ್ರೂರ. ನೀರನ್ನೂ ಕಲ್ಲು ಮಾಡಿಬಿಡುತ್ತದೆ. ದೂರದ ದಾರಿಗೆ ಅದೇ ಬೇಕು. ಲಾರಿಯ ತೊಂಬತ್ತು ಪೆಟ್ಟಿಗೆಗೂ ಅವಳು ಉಪ್ಪು ಹಾಕಿಸುತ್ತಿದ್ದಳು, ಒಂದೇ ಒಂದನ್ನು ಬಿಟ್ಟು. ಬಾಗಿಲ ಪಕ್ಕದಲ್ಲಿ ಎಲ್ಲಕ್ಕಿಂತ ಕೊನೆಗೆ ಇಡುವ, ನೀಲಿ ದಾರ ಕಟ್ಟಿದ ಪೆಟ್ಟಿಗೆ ಅದು. ಅದನ್ನು ಬೇರೆ ಯಾರೂ ತುಂಬುವಂತಿರಲಿಲ್ಲ.

ಆ ಪೆಟ್ಟಿಗೆಯ ಮೂಲೆಯಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಸ್ಟೀಲ್ ಡಬ್ಬಿ ಇರುತ್ತಿತ್ತು. ಡಬ್ಬಿಯಲ್ಲಿ ಭಾವನ ಜೀವ.

ಅವನಿಗೆ ಸಕ್ಕರೆ ಕಾಯಿಲೆ ಇಪ್ಪತ್ತೆಂಟನೇ ವಯಸ್ಸಿಗೇ ಹತ್ತಿತ್ತು. ಮಾತ್ರೆಗೆ ಬಗ್ಗುವ ಜಾತಿಯದಲ್ಲ. ಬೆಳಿಗ್ಗೆ ಒಂದು ಸೂಜಿ, ಸಂಜೆ ಒಂದು ಸೂಜಿ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕು. ಒಂದು ಹೊತ್ತು ತಪ್ಪಿದರೆ ಬಾಯಿ ಒಣಗುತ್ತದೆ, ಎರಡು ಹೊತ್ತು ತಪ್ಪಿದರೆ ವಾಂತಿ, ಅದಕ್ಕಿಂತ ಮುಂದಿನದನ್ನು ನನ್ನ ಬಾಯಲ್ಲಿ ಹೇಳಿಸಬೇಡಮ್ಮ ಎಂದಿದ್ದರು ಡಾಕ್ಟರು. ಔಷಧದ ಶೀಷೆ ತಂಪಾಗಿರಬೇಕು, ಆದರೆ ಹೆಪ್ಪುಗಟ್ಟಬಾರದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬರೀ ನೀರು, ಚೆಲ್ಲಿಬಿಡಿ ಎಂದು ಔಷಧದ ಅಂಗಡಿಯವನು ಬೇರೆ ಹೇಳಿದ್ದ. ಲಾರಿಯ ಮುಂಭಾಗ ಮಧ್ಯಾಹ್ನಕ್ಕೆ ಕುಲುಮೆಯಾಗುತ್ತದೆ. ಹಾಗಾಗಿ ಶೀಷೆ, ಸೂಜಿ, ಡಾಕ್ಟರ ಚೀಟಿ ಎಲ್ಲವೂ ಹಿಂದೆ, ಉಪ್ಪು ಹಾಕದ ಪೆಟ್ಟಿಗೆಯಲ್ಲಿ. ಅರ್ಧದಾರಿಯ ಐಸ್ ಫ್ಯಾಕ್ಟರಿಯ ಹತ್ತಿರ ಭಾವ ಲಾರಿ ನಿಲ್ಲಿಸಿ ಬಾಗಿಲು ತೆಗೆಯುತ್ತಿದ್ದ, ಕರಗಿದ ಕಡೆ ಹೊಸ ಐಸು ಸುರಿಯುತ್ತಿದ್ದ. ಗಡಿಯ ಹತ್ತಿರ ಸಂಜೆ ಇನ್ನೊಮ್ಮೆ ತೆಗೆದು, ಯಾರೂ ನೋಡದ ಹಾಗೆ ಬಾಗಿಲ ಮರೆಯಲ್ಲಿ ನಿಂತು ಅಂಗಿ ಎತ್ತಿ ಚುಚ್ಚಿಕೊಳ್ಳುತ್ತಿದ್ದ.

ಯಾರೂ ನೋಡಬಾರದು, ಯಾಕೆಂದರೆ ಸೂಜಿ ಹಾಕಿಕೊಳ್ಳುವವನಿಗೆ ಗಡಿ ದಾಟಿಸುವ ಡ್ರೈವರ್ ಕಾರ್ಡು ಕೊಡುವುದಿಲ್ಲ. ಅವನ ಕಾರ್ಡಿನಲ್ಲಿ ಕಾಯಿಲೆಯ ಜಾಗದಲ್ಲಿ ‘ಇಲ್ಲ’ ಎಂದು ಬರೆದಿತ್ತು. ಬರೆದ ಗುಮಾಸ್ತನಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೆಂಡತಿಗೆ ಮತ್ತು ತಾಯಿಗೆ. ಅದು ತಪ್ಪೇ. ಪೆಟ್ಟಿಗೆಯಕ್ಕನಿಗೂ ಅದು ಗೊತ್ತಿತ್ತು, ಲಾರಿ ಹೊರಟಾಗಲೆಲ್ಲ ಹೊಟ್ಟೆಯೊಳಗೆ ಒಂದು ಹುಳ ಕೊರೆಯುತ್ತಿತ್ತು. ಆದರೆ ಹೊಟ್ಟೆಪಾಡಿನ ಮುಂದೆ ಯಾವ ಹುಳ ಎಷ್ಟು ಹೊತ್ತು ಕೊರೆದೀತು?

ಹೀಗಿರುವಾಗ ಒಂದು ಸೋಮವಾರ ಹೊಸ ನಿಯಮ ಬಂತು.

ಗುಮಾಸ್ತ ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತು ಓದಿದ. ಎರಡು ದೇಶದ ದೊಡ್ಡವರು ಜಗಳವಾಡಿದರೋ ರಾಜಿಯಾದರೋ ಅವನಿಗೂ ತಿಳಿದಿರಲಿಲ್ಲ. ಎರಡರಲ್ಲಿ ಯಾವುದಾದರೂ ಕಾಗದ ಮಾತ್ರ ಜಾಸ್ತಿಯಾಗುತ್ತದೆ ಎಂದ. ಇನ್ನು ಮುಂದೆ ಮೀನು, ಹಾಲು, ಮಾಂಸ, ಹಣ್ಣು, ಕೆಡುವ ಮಾಲು ಯಾವುದೇ ಇರಲಿ, ಲಾರಿಗೆ ಇಲ್ಲೇ ಸೀಲು ಬೀಳುತ್ತದೆ. ಆ ಸೀಲನ್ನು ಗಡಿಯಾಚೆಯ ಅಧಿಕಾರಿಯೇ ಒಡೆಯಬೇಕು. ನಡುವೆ ಯಾರಾದರೂ ಒಡೆದರೆ ಇಡೀ ಲೋಡನ್ನು ಗುಂಡಿಗೆ ಸುರಿದು ಹೂಳುತ್ತಾರೆ, ಲಾರಿಗೆ ಒಂದು ವರ್ಷ ಗಡಿ ಬಂದ್. ಸಾಲಿನಲ್ಲಿ ನಿಂತ ಡ್ರೈವರು ಲಾರಿ ಬಿಟ್ಟು ಹೋಗುವಂತಿಲ್ಲ. ಹೋದರೆ ಲಾರಿ ಸಾಲಿನ ಕೊನೆಗೆ.

ದಾರಿಯಲ್ಲಿ ಐಸು ಹಾಕುವುದು ಹೇಗೆ ಎಂದು ಯಾರೋ ಕೇಳಿದರು. ಗುಮಾಸ್ತ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಐಸಿನ ವಿಚಾರ ಇದರಲ್ಲಿ ಇಲ್ಲ ಎಂದ.

ಆ ಸಂಜೆ ಊಟಕ್ಕೆ ಕುಳಿತಾಗ ಭಾವ, ನಾಳೆಯಿಂದ ಡಬ್ಬಿ ಮುಂದೆ ನನ್ನ ಹತ್ತಿರವೇ ಇರಲಿ ಎಂದ. ಅವಳು ಶೀಷೆ ತಂಪಾಗಿಡಲೆಂದು ಮಾಡಿನ ಹಲಗೆಯಿಂದ ಹಳೆಯ ಥರ್ಮಾಸ್ ಇಳಿಸಿ, ತೊಳೆದು, ಬಾಗಿಲ ಪಕ್ಕದಲ್ಲಿ ಕಣ್ಣಿಗೆ ಬೀಳುವ ಹಾಗೆ ಇಟ್ಟಳು. ಅಷ್ಟು ಜಾಗ್ರತೆ ಮಾಡಿದ್ದಳು.

ಮರುದಿನ ಸೀಲು ಹಾಕುವ ಸಾಹೇಬ ಎಂಟಕ್ಕೆ ಬರುತ್ತೇನೆಂದವನು ಏಳಕ್ಕೇ ಬಂದ. ಹೊಸ ಬೂಟು, ಒದ್ದೆ ನೆಲದ ಮೇಲೆ ಕೊಕ್ಕರೆಯ ಹಾಗೆ ಕಾಲು ಎತ್ತೆತ್ತಿ ಇಡುತ್ತಿದ್ದ. ಇನ್ನೂ ಇಪ್ಪತ್ತು ಪೆಟ್ಟಿಗೆ ಬಾಕಿ. ಭಾವ ಬೆಳಗಿನ ಸೂಜಿ ಮನೆಯಲ್ಲೇ ಹಾಕಿಕೊಂಡು ಬಂದು, ಹೊರಡುವವರೆಗೆ ಹಿಡಿದಿರು ಎಂದು ಡಬ್ಬಿಯನ್ನು ಅವಳ ಕೈಗೆ ಕೊಟ್ಟು, ಗುಮಾಸ್ತನ ಕೋಣೆಯಲ್ಲಿ ಏಳು ಕಡೆ ಸಹಿ ಹಾಕಲು ಹೋಗಿದ್ದ. ಹೆಂಗಸರು ಗೂಡಿಗೆ ಕಡ್ಡಿ ಹಾಕಿದ ಇರುವೆಗಳ ಹಾಗೆ ಓಡಾಡಿದರು. ಬೇಗ, ಬೇಗ ಎಂದು ಸಾಹೇಬ ಗಡಿಯಾರ ನೋಡುತ್ತಿದ್ದ. ಪೆಟ್ಟಿಗೆಯಕ್ಕ ಕೊನೆಯ ಪೆಟ್ಟಿಗೆ ತುಂಬಿದಳು. ಐಸು, ಮೀನು, ಐಸು. ಉಪ್ಪು ಇಲ್ಲ. ಮೂಲೆಯಲ್ಲಿ ಡಬ್ಬಿ, ಮುಚ್ಚಳ, ನೀಲಿ ದಾರ. ಇಬ್ಬರು ಎತ್ತಿ ಒಳಗಿಟ್ಟರು. ಬಾಗಿಲು ಮುಚ್ಚಿತು. ಸಾಹೇಬ ತಂತಿ ಪೋಣಿಸಿ ಇಕ್ಕಳದಲ್ಲಿ ಒತ್ತಿದ. ಟಕ್. ಬೆರಳಿನ ನೆಟಿಗೆ ತೆಗೆದಷ್ಟೇ ಶಬ್ದ.

ಭಾವ ಓಡಿಬಂದು ಲಾರಿ ಹತ್ತಿದ. ಅವಳು ಕೈ ಬೀಸಿದಳು. ಕೈ ಖಾಲಿ ಇತ್ತು. ಅದು ಖಾಲಿ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಪೇಟೆಯ ಗಾಡಿಗೆ ಮೀನು ತುಂಬುತ್ತಿದ್ದಳು. ಮುಚ್ಚಳ ಸಡಿಲವಿದ್ದ ಒಂದು ಪೆಟ್ಟಿಗೆಗೆ ಕಟ್ಟಲು ನೀಲಿ ದಾರದ ಉಂಡೆ ಎಲ್ಲಿ ಎಂದು ಕೇಳಿದಳು. ಪಕ್ಕದವಳು ನಗುತ್ತಾ, "ನಿನ್ನ ಕಾಲ ಹತ್ರಾನೇ ಇದೆಯಲ್ಲಕ್ಕ. ಬೆಳಿಗ್ಗೆ ಭಾವನ ಪೆಟ್ಟಿಗೆಗೆ ಕಟ್ಟಿ ಅಲ್ಲೇ ಬಿಸಾಕಿದೆ" ಎಂದಳು.

ಪೆಟ್ಟಿಗೆಯಕ್ಕ ಬಗ್ಗಿದಳು. ದಾರದ ಉಂಡೆಯನ್ನು ನೋಡಿದಳು, ತನ್ನ ಎರಡು ಕೈಗಳನ್ನು ನೋಡಿದಳು. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಮಾಡಿದ್ದನ್ನು ಕೈ ತನ್ನ ಪಾಡಿಗೆ ತಾನು ಮಾಡಿ ಮುಗಿಸಿತ್ತು.

ಗುಮಾಸ್ತನ ಕೋಣೆಯ ಹೊರಗೆ, ಯಾರ ಕಿವಿಗೂ ಬೀಳದ ಕಡೆ ನಿಂತು ಫೋನು ಮಾಡಿದಳು.

"ರೀ, ಡಬ್ಬಿ..."

"ಗೊತ್ತಾಯ್ತು," ಎಂದ ಭಾವ. "ಈಗಷ್ಟೇ ಐಸ್ ಫ್ಯಾಕ್ಟರಿ ಹತ್ರ ನಿಲ್ಸಿದೆ. ಅಭ್ಯಾಸ ನೋಡು, ಕೈ ಸೀದಾ ಬಾಗ್ಲಿಗೆ ಹೋಯ್ತು. ಸೀಲು ಕಂಡ ಮೇಲೆ ನೆನಪಾಯ್ತು. ನಾನಾದ್ರೂ ಕೇಳ್ಬೇಕಿತ್ತು."

"ವಾಪಸ್ ಬಂದ್ಬಿಡಿ."

"ಬಂದು? ಸೀಲು ಹಾಕ್ದೋನೂ ಇದನ್ನ ಒಡೆಯೋ ಹಾಗಿಲ್ಲ. ಸಾಲಲ್ಲಿ ನಿಂತ್ರೂ ಸಂಜೆ ಆರಕ್ಕೆ ಆಚೆ ದಾಟ್ತೀನಿ, ಅವರೇ ಬಾಗ್ಲು ತೆಗೀತಾರೆ, ಡಬ್ಬಿ ತಗೋತೀನಿ. ಒಂದರ್ಧ ಗಂಟೆ ಹೆಚ್ಚುಕಮ್ಮಿ ಆದ್ರೆ ಸಾಯಲ್ಲ ಕಣೇ. ನೀನು ಬಾಯಿ ಬಿಡ್ಬೇಡ ಅಷ್ಟೇ."

ಸಂಜೆ ಆರಕ್ಕೆ ಅವನು ದಾಟಿರಲಿಲ್ಲ. ಗಡಿ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗಲೇ ಸಾಲಿನ ಬಾಲ ಸಿಕ್ಕಿತ್ತಂತೆ. ನಿಯಮ ಲಾರಿಯವರಿಗೆ ಎಷ್ಟು ಹೊಸದೋ ಗೇಟಿನವರಿಗೂ ಅಷ್ಟೇ ಹೊಸದು. ಒಂದೊಂದು ಕಾಗದಕ್ಕೂ ಪುಸ್ತಕ ತೆರೆದು, ಬೆರಳಿಟ್ಟು ಓದಿ, ಮೇಲಿನವರನ್ನು ಕೇಳಿ ಆಮೇಲೆ ಮುದ್ರೆ. ಗಂಟೆಗೆ ಮೂರು ಲಾರಿ ದಾಟಿದರೆ ಹೆಚ್ಚು. ಅಲ್ಲಿ ಒಂದು ಚಹಾದಂಗಡಿ ಬಿಟ್ಟರೆ ಏನೂ ಇಲ್ಲ. ಔಷಧ ಬೇಕೆಂದರೆ ನಲವತ್ತು ಕಿಲೋಮೀಟರ್ ಹಿಂದೆ ಹೋಗಬೇಕು, ಚೀಟಿಯೂ ಬೇಕು. ಚೀಟಿ ಡಬ್ಬಿಯೊಳಗೆ, ಡಬ್ಬಿ ಸೀಲಿನೊಳಗೆ. ಇನ್ನೊಬ್ಬ ಡ್ರೈವರನ್ನು ಕೇಳಿದರೆ ಸುದ್ದಿ ಗೇಟಿಗೆ ಅವನಿಗಿಂತ ಮೊದಲೇ ತಲುಪುತ್ತದೆ.

ಬುಧವಾರ ಬೆಳಕು ಹರಿಯುವಾಗ ಅವಳೇ ಫೋನು ಮಾಡಿದಳು. ಅವನ ಮಾತು ಬಾಯಲ್ಲಿ ಹಿಟ್ಟಿಟ್ಟುಕೊಂಡು ಆಡಿದ ಹಾಗಿತ್ತು. ಎರಡು ಕ್ಯಾನು ನೀರು ಕುಡಿದೆ, ಬಾಯಿ ಒಣಗುವುದು ನಿಲ್ಲುತ್ತಿಲ್ಲ ಎಂದ. ಗೇಟಿನವರಿಗೆ ನಿಜ ಹೇಳಿಬಿಡಿ ಎಂದು ಅವಳು ಅಂಗಲಾಚಿದಳು.

"ಹೇಳಿದ್ರೆ ಕಾರ್ಡ್ ಕಿತ್ಕೋತಾರೆ. ಆಮೇಲೆ ಬದುಕಿ ಏನ್ಮಾಡ್ಲಿ? ಇನ್ನು ನಲವತ್ತೇ ಲಾರಿ ಮುಂದಿರೋದು."

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಗಂಟೆಗೆ ಮೂರು, ಸಂಜೆಗಿಂತ ಮೊದಲು ಆಗುವುದಿಲ್ಲ. ನೀರು ಕುಡಿದಿರಾ, ನೆರಳಿದೆಯಾ ಎಂದು ಏನೇನೋ ಕೇಳಿ, ಮತ್ತೆ ಎಷ್ಟು ಲಾರಿ ಎಂದಿರಿ ಎಂದಳು. ಎಪ್ಪತ್ತು ಎಂದ. ಈಗ ತಾನೇ ನಲವತ್ತು ಎಂದಿರಲ್ಲ ಎಂದರೆ, "ಯಾವ ಲಾರಿ?" ಎಂದು ಅವಳನ್ನೇ ಕೇಳಿದ.

ಅಷ್ಟಕ್ಕೇ ಫೋನು ಕಡಿದುಹೋಯಿತು. ಮತ್ತೆ ಮಾಡಿದಾಗ ಫೋನು ಎತ್ತಲಿಲ್ಲ.

ಅತ್ತೆ ಜಗಲಿಯ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದಳು. ಬೈಗುಳದ ಮಳೆ ಸುರಿಯುತ್ತದೆಂದು ಇವಳು ತಲೆ ತಗ್ಗಿಸಿ ನಿಂತರೆ, ಅವಳು ಗೋಡೆ ಹಿಡಿದು ಎದ್ದು ನಿಂತು, "ನಿಂತ್ಕೊಂಡು ಏನು ನೋಡ್ತೀಯ? ಹೋಗು. ನಿನಗೆ ಗಂಡ ಆಗೋಕೆ ಮುಂಚೆ ಅವನು ನನಗೆ ಮಗ. ಕರ್ಕೊಂಡು ಬಾ" ಎಂದಳು.

ಔಷಧದ ಅಂಗಡಿ ತೆರೆಯುವುದು ಎಂಟಕ್ಕೆ. ಏಳರಿಂದಲೇ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಳು. ಮನೆಯಲ್ಲಿದ್ದ ಹಳೆಯ ಚೀಟಿ ತೋರಿಸಿ ಒಂದು ಶೀಷೆ, ಎರಡು ಸೂಜಿ ತೆಗೆದುಕೊಂಡಳು. ಬಸ್ಸಿಗೆ ಹತ್ತು ನಿಮಿಷ ಇತ್ತು. ಶೆಡ್ಡಿಗೆ ಓಡಿ, ಯಾರ ಮುಖವನ್ನೂ ನೋಡದೆ, ನಿನ್ನೆ ಮನೆಯಲ್ಲೇ ಉಳಿದಿದ್ದ ಥರ್ಮಾಸಿಗೆ ಐಸು ಪುಡಿ ತುಂಬಿ, ನಡುವೆ ಶೀಷೆ ಇಟ್ಟು, ಮೇಲೆ ಮತ್ತೆ ಐಸು ಒತ್ತಿ, ಒಂದು ಹಿಡಿ ಉಪ್ಪು ಉದುರಿಸಿ ಮುಚ್ಚಳ ಬಿಗಿದಳು. ದಾರಿ ಉದ್ದ, ಐಸು ಉಳಿಯಬೇಕು.

ಬಸ್ಸಿನಲ್ಲಿ ಥರ್ಮಾಸನ್ನು ಹಸುಗೂಸಿನ ಹಾಗೆ ಅಪ್ಪಿಕೊಂಡು ಕೂತಳು. ಬಸ್ಸು ನಿಂತಲ್ಲೆಲ್ಲ ಅವಳ ಉಸಿರೂ ನಿಲ್ಲುತ್ತಿತ್ತು. ಒಬ್ಬಾಕೆ ಕೋಳಿಗಳೊಡನೆ ಹತ್ತಿ ಕಂಡಕ್ಟರನ ಜೊತೆ ಚೌಕಾಸಿಗಿಳಿದಾಗ, ಆ ಕೋಳಿಗಳನ್ನೆಲ್ಲ ಕಿಟಕಿಯಿಂದ ಎಸೆದುಬಿಡಲೇ ಅನ್ನಿಸಿತು. ಕಣ್ಣು ಮುಚ್ಚಿದರೆ ಸ್ಟಿಯರಿಂಗಿನ ಮೇಲೆ ಬಿದ್ದ ತಲೆ ಕಾಣುತ್ತಿತ್ತು. ಅದಕ್ಕೇ ಕಣ್ಣು ಮುಚ್ಚಲಿಲ್ಲ. ಗಡಿಗೆ ಆರು ಕಿಲೋಮೀಟರ್ ಇರುವಾಗ ಬಸ್ಸು ತಿರುಗಿ ನಿಂತಿತು. ಮುಂದೆ ಜಾಗವಿಲ್ಲ, ಇಳಿಯಿರಿ ಎಂದರು.

ಮಧ್ಯಾಹ್ನ ಒಂದು ಗಂಟೆಯ ಬಿಸಿಲು. ರಸ್ತೆಯ ಉದ್ದಕ್ಕೂ ಲಾರಿಗಳು, ಎರಡೂ ಕಡೆ ಆಳದ ಚರಂಡಿ. ಅವಳು ಲಾರಿ ಮತ್ತು ಚರಂಡಿಯ ನಡುವಿನ ಒಂದು ಮೊಳ ಮಣ್ಣಿನಲ್ಲಿ ನಡೆದಳು. ಕಣ್ಣಿಗಿಂತ ಮೊದಲು ಅವಳ ಮೂಗು ಎಲ್ಲವನ್ನೂ ಓದುತ್ತಿತ್ತು. ಇದು ಹಾಲು, ಒಡೆದಿದೆ. ಇದು ಸೊಪ್ಪು, ಬೆಂದಿದೆ. ಇದು ಮಾಂಸ, ಇದರ ಡ್ರೈವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ತನ್ನ ಲಾರಿಯಿಂದಲೇ ದೂರ ಕೂತಿದ್ದಾನೆ. ಪ್ರತಿ ಬಾಗಿಲಲ್ಲೂ ಒಂದೊಂದು ಸೀಲು ಬಿಸಿಲಿಗೆ ಮಿಣುಕುತ್ತಿತ್ತು, ಒಳಗಿನಿಂದ ಕೊಳೆತ ನೀರು ಹನಿಯುತ್ತಿತ್ತು. ಹೊರಗೆ ಎಲ್ಲವೂ ನಿಯಮದ ಪ್ರಕಾರ ಸರಿಯಾಗಿತ್ತು.

ಒಂದೂವರೆ ಗಂಟೆ ನಡೆದ ಮೇಲೆ, ಬಾಗಿಲ ಮೇಲೆ ಒಕ್ಕಣ್ಣಿನ ಮೀನಿನ ಚಿತ್ರವಿದ್ದ ಅವರ ಲಾರಿ ಕಂಡಿತು. ಇನ್ನೊಂದು ಕಣ್ಣಿನ ಬಣ್ಣ ಯಾವತ್ತೋ ಹೋಗಿತ್ತು. ಅದರ ಹಿಂದೆ ಕೋಳಿಮರಿಗಳ ಲಾರಿ. ಅದರ ಡ್ರೈವರು, ನರೆತ ಮೀಸೆಯವನು, ಇವಳನ್ನು ತಡೆದು ನಿಲ್ಲಿಸಿ, ಮುಂದಿನ ಲಾರಿಯವನು ನಿಮ್ಮವನಾ ಎಂದು ಕೇಳಿದ. ಬೆಳಿಗ್ಗೆಯಿಂದ ವಾಂತಿ ಮಾಡುತ್ತಿದ್ದಾನೆ, ಒಂದು ಗಂಟೆಯಿಂದ ಇಳಿದೇ ಇಲ್ಲ, ಕುಡಿದಿದ್ದಾನೆ ಅಂದುಕೊಂಡೆ ಎಂದ.

ಅವಳು ಮೆಟ್ಟಿಲು ಹತ್ತಿ ಬಾಗಿಲು ಎಳೆದಳು. ಒಳಗಿನಿಂದ ಮಾಗಿ ಮೀರಿದ ಹಣ್ಣಿನ ವಾಸನೆ ಬಂತು. ಹಣ್ಣಿನ ಲಾರಿ ಹತ್ತಿರ ಇದೆಯೇನೋ ಎಂದು ಒಂದು ಕ್ಷಣ ಅಂದುಕೊಂಡಳು. ಆಮೇಲೆ ಅದು ಗಂಡನ ಉಸಿರು ಎಂದು ತಿಳಿಯಿತು. ಮೂವತ್ತೊಂದು ವರ್ಷ ಕೆಟ್ಟದ್ದು ಯಾವುದು ಒಳ್ಳೆಯದು ಯಾವುದು ಎಂದು ಮೂಸಿ ಹೇಳಿದವಳು. ಆ ವಾಸನೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ಸೀಟಿನ ಮೇಲೆ ಮುದುಡಿ ಬಿದ್ದಿದ್ದ. ಓಡಿ ಬಂದವನ ಹಾಗೆ ಆಳವಾಗಿ, ಜೋರಾಗಿ ಉಸಿರಾಡುತ್ತಿದ್ದ. ಕೆನ್ನೆ ತಟ್ಟಿದಳು. ಕಣ್ಣು ಅರ್ಧ ತೆರೆಯಿತು.

"ಐಸು ಹಾಕ್ಬೇಕು ಕಣೇ," ಎಂದ. "ಬಾಗ್ಲು ತೆಗೀಬೇಡ."

ಅವಳು ಥರ್ಮಾಸಿನ ಮುಚ್ಚಳ ತಿರುಗಿಸಿದಳು. ಐಸು ಇನ್ನೂ ಗಟ್ಟಿಯಾಗಿತ್ತು. ಬೆರಳಿನಿಂದ ಕೆದಕಿ ಶೀಷೆ ತೆಗೆದು ಬೆಳಕಿಗೆ ಹಿಡಿದಳು. ನೀರಿನ ಹಾಗೆ ತಿಳಿಯಾಗಿ ಅಲುಗಾಡಬೇಕಿದ್ದ ಔಷಧ ಅಲುಗಾಡಲಿಲ್ಲ. ಒಳಗೆ ಬೆಳ್ಳಗೆ ಕಲ್ಲಾಗಿತ್ತು.

ಉಪ್ಪು.

ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು. ಇಷ್ಟು ವರ್ಷ ಒಂದೇ ಒಂದು ಪೆಟ್ಟಿಗೆಗೆ ಉಪ್ಪು ಹಾಕದೆ ಕಾಪಾಡಿಕೊಂಡು ಬಂದವಳು, ಬೆಳಿಗ್ಗೆ ಅವಸರದಲ್ಲಿ ಇದಕ್ಕೆ ಹಿಡಿ ತುಂಬ ಹಾಕಿದ್ದಳು. ನಿನ್ನೆ ಅಭ್ಯಾಸ ತಪ್ಪಿಸಲಾಗದೆ ಕೆಡಿಸಿದ ಕೈಯೇ ಇವತ್ತು ಅಭ್ಯಾಸದಿಂದಲೇ ಮತ್ತೆ ಕೆಡಿಸಿತ್ತು. ಶೀಷೆಯನ್ನು ಅಂಗೈಯಲ್ಲಿ ಉಜ್ಜಿದಳು. ಕರಗಿದರೂ ಬರೀ ನೀರು ಎಂದ ಅಂಗಡಿಯವನ ಮಾತು ನೆನಪಾಗಿ ನಿಲ್ಲಿಸಿದಳು.

ಗೇಟಿನಲ್ಲಿ ಡಾಕ್ಟರು ಇಲ್ಲವಾ ಎಂದು ಮೀಸೆಯವನನ್ನು ಕೇಳಿದಳು. ಬೆಳಿಗ್ಗೆ ಬಂದು ಹೋಗುತ್ತಾರಂತೆ. ಈ ಸಂದಿಯಲ್ಲಿ ಆಂಬುಲೆನ್ಸ್ ನುಗ್ಗುವುದಿಲ್ಲ, ಆಳು ಕಳಿಸಿದರೂ ನಡೆದು ಹೋಗಿ ಬರಲು ಒಂದು ಗಂಟೆ. ಇನ್ನೂ ಏನೋ ಹೇಳುತ್ತಿದ್ದ. ಅವಳಿಗೆ ಕೇಳಿದ್ದು ಗಂಡನ ಉಸಿರು ಮಾತ್ರ. ಅದರ ಹಿಂದೆ ಕೋಳಿಮರಿಗಳ ಚಿಲಿಪಿಲಿ. ಬಿಸಿಲಿಗೆ ಅದೂ ಕಡಿಮೆಯಾಗುತ್ತಾ ಬರುತ್ತಿತ್ತು.

ಔಷಧ ಇನ್ನು ಒಂದೇ ಕಡೆ ಇತ್ತು. ಅವಳಿಂದ ಏಳು ಹೆಜ್ಜೆ ಹಿಂದೆ, ಉಪ್ಪು ಹಾಕದ ಪೆಟ್ಟಿಗೆಯಲ್ಲಿ.

ಸೀಟಿನ ಕೆಳಗಿದ್ದ ಐಸು ಒಡೆಯುವ ಉಳಿಯನ್ನು ಎಳೆದುಕೊಂಡು ಇಳಿದಳು. ಅವಳು ಎತ್ತ ಹೊರಟಳೆಂದು ಮೀಸೆಯವನಿಗೆ ಗೊತ್ತಾಯಿತು. ಅಡ್ಡ ಬಂದು ನಿಂತ.

"ಅದನ್ನ ಮುಟ್ಬೇಡಿ ಅಮ್ಮ. ಇಡೀ ಲೋಡು ಗುಂಡಿಗೆ ಹೋಗುತ್ತೆ. ನಿನ್ನೆ ಒಬ್ಬನದು ಹೋಯ್ತು, ಕಣ್ಣಾರೆ ನೋಡ್ದೆ."

"ಅವರಿಗೆ ಸೂಜಿ ಹಾಕ್ಬೇಕು. ಔಷಧ ಒಳಗಿದೆ."

"ಮೀನು ನಿಮ್ಮದಾ?"

ಮೀನು ಅವಳದಾಗಿರಲಿಲ್ಲ. ಇಪ್ಪತ್ತೆರಡು ದೋಣಿಯವರದು. ಆ ಮನೆಗಳ ಹೆಂಗಸರೇ ಶೆಡ್ಡಿನಲ್ಲಿ ಅವಳ ಎಡಬಲಕ್ಕೆ ನಿಲ್ಲುವವರು. ನಾಳೆ ಅವರ ಮುಖ ನೋಡಬೇಕು. ಲಾರಿಗೆ ಒಂದು ವರ್ಷ ಗಡಿ ಇಲ್ಲ. ಗಂಡನ ಗುಟ್ಟು ಬಯಲಾಗುತ್ತದೆ, ಕಾರ್ಡು ಹೋಗುತ್ತದೆ. ಇದೆಲ್ಲ ಸೀಲಿನ ಮುಂದೆ ನಿಂತಾಗ ಒಂದೇ ಸಲ ತಲೆಗೆ ಬಂತು. ಸೀಲು ಅಂದರೆ ಎಷ್ಟು? ಕಡಲೆಕಾಳಿನಷ್ಟು ಸೀಸ, ಒಂದು ಗೇಣು ತಂತಿ. ಮಗು ಎಳೆದರೂ ಬರಬಹುದಾದ್ದು. ಅದಕ್ಕೆ ಹೆದರಿದಷ್ಟು ಅವಳು ಜನ್ಮದಲ್ಲಿ ಯಾವುದಕ್ಕೂ ಹೆದರಿರಲಿಲ್ಲ.

ಉಳಿ ಇಟ್ಟು ತಿರುಚಿದಳು. ಟಕ್ ಎಂದಿತು. ಹಾಕುವಾಗಲೂ ಅಷ್ಟೇ, ಒಡೆಯುವಾಗಲೂ ಅಷ್ಟೇ.

ಬಾಗಿಲು ತೆರೆದು ನೀಲಿ ದಾರ ಹರಿದು ಕೈ ಹಾಕಿದಳು. ಐಸು ಕರಗಿ ಮೀನು ನೀರಿನಲ್ಲಿ ತೇಲುತ್ತಿತ್ತು, ಆದರೆ ಆ ನೀರು ಇನ್ನೂ ತಣ್ಣಗಿತ್ತು. ಡಬ್ಬಿ ಸಿಕ್ಕಿತು. ಶೀಷೆ ಎತ್ತಿ ಹಿಡಿದಳು, ತಿಳಿಯಾಗಿ ಅಲುಗಾಡಿತು. ಮನೆಯಲ್ಲಿ ಎಷ್ಟೋ ಸಲ ಅವಳೇ ಅವನಿಗೆ ಚುಚ್ಚಿದ್ದಳು, ಯಾವ ಗೆರೆಯವರೆಗೆ ಎಂದು ಓದು ಬಾರದಿದ್ದರೂ ಗೊತ್ತಿತ್ತು. ಕ್ಯಾಬಿನ್ ಹತ್ತಿ, ಅಂಗಿ ಸರಿಸಿ, ಸೂಜಿ ಹಾಕಿದಳು. ಆಮೇಲೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವನ ಉಸಿರು ಬದಲಾಗುತ್ತದೆಯೋ ಎಂದು ಕಾದಳು. ಬದಲಾಗಲಿಲ್ಲ. ತಡವಾಯಿತೇನೋ ಎಂಬ ಯೋಚನೆ ಒಂದು ಸಲ ಬಂದದ್ದು ಮತ್ತೆ ಹೋಗಲೇ ಇಲ್ಲ.

ಸೀಲು ಒಡೆದ ಸುದ್ದಿ ತಲುಪಿ ಗೇಟಿನ ಅಧಿಕಾರಿ ಮೋಟಾರ್ ಸೈಕಲ್ಲಿನಲ್ಲಿ ಬಂದ. ಮೊದಲು ಒಡೆದ ಸೀಲನ್ನು ನೋಡಿದ.

"ಯಾರು ತೆಗೆದದ್ದು?"

"ನಾನು."

"ದಾರಿಯುದ್ದಕ್ಕೂ ಹಾಕಿರೋ ಬೋರ್ಡು ಓದ್ಲಿಲ್ವಾ?"

"ಓದೋಕೆ ಬರಲ್ಲ ಸಾರ್. ಆದ್ರೆ ಗೊತ್ತಿತ್ತು. ಗೊತ್ತಿದ್ದೇ ತೆಗೆದೆ."

ಅವನು ಇನ್ನೇನೋ ಹೇಳಲು ಹೊರಟು, ಅವಳ ತೊಡೆಯ ಮೇಲಿನ ಮುಖವನ್ನು ಆಗ ನೋಡಿದ. ಪುಸ್ತಕ ಜೇಬಿಗೆ ಹಾಕಿಕೊಂಡು ಫೋನು ತೆಗೆದ. ಹೊಲದ ದಾರಿಯಿಂದ ವ್ಯಾನು ಬರಲಿ ಎಂದು ಯಾರ ಮೇಲೋ ರೇಗಿದ. 

ವ್ಯಾನು ಬರಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಅಧಿಕಾರಿಯ ಜೇಬಿನ ಪುಸ್ತಕ ಮತ್ತೆ ಹೊರಬಂತು. ಅವನ ನೌಕರಿಯೂ ನೌಕರಿಯೇ. ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ, ಮುಚ್ಚಳ ತೆಗೆದು, ಎಣಿಸಿ ಬರೆಯಬೇಕಂತೆ, ಮಾಲಿನ ಕಡೆಯವರು ಒಬ್ಬರು ನಿಂತು ನೋಡಬೇಕಂತೆ. ಮೀಸೆಯವನು ಭಾವನ ಹತ್ತಿರ ಕೂತು ಹನಿಹನಿ ನೀರು ಹಾಕಿದ. ಅವಳು ನಿಂತಳು. ಪ್ರತಿ ಪೆಟ್ಟಿಗೆಗೂ ಕೈ ಹಾಕಿ ಒತ್ತಿ ನೋಡಿದಳು, ಅದು ಬೇಡವೆಂದರೂ ಅವಳ ಕೈ ಕೇಳಲಿಲ್ಲ. ಗೋಡೆಯ ಪಕ್ಕದವು ಕೆಟ್ಟುಹೋಗಿದ್ದವು, ಮೇಲಿನವೂ ಕೆಟ್ಟುಹೋಗಿದ್ದವು. ನಡುವಿನ ಮೂವತ್ತೆರಡು ಪೆಟ್ಟಿಗೆ ಗಟ್ಟಿಯಾಗಿದ್ದವು, ಕಿವಿರು ಕೆಂಪಗಿತ್ತು. ಅವೂ ಗುಂಡಿಗೇ ಹೋದವು, ಮೇಲೆ ಸುಣ್ಣ ಸುರಿದರು.

ಆಸ್ಪತ್ರೆಯ ಹಸಿರು ಬಣ್ಣದ ವರಾಂಡದಲ್ಲಿ ಅವಳು ಎರಡು ದಿನ ಬೆಂಚಿನ ಮೇಲೆ ಕೂತಿದ್ದಳು. ಒಳಗಿನಿಂದ ನರ್ಸ್ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು, ಹೆಸರು ಕೂಗುತ್ತಾರೇನೋ ಎಂದು. ಮೂರನೆಯ ದಿನ ಬೆಳಿಗ್ಗೆ ಭಾವ ಕಣ್ಣು ಬಿಟ್ಟು, ಮೀನು ಏನಾಯಿತು ಎಂದು ಕೇಳಿದ. ಆಗ ಅವಳು ಅತ್ತಳು. ಇನ್ನೊಂದು ಹೊತ್ತು ಹಾಗೇ ಬಿಟ್ಟಿದ್ದರೆ ನಾನು ನಿಮಗೆ ಬೇರೆ ಕಾಗದ ಬರೆದು ಕೊಡಬೇಕಾಗುತ್ತಿತ್ತು ಎಂದರು ಡಾಕ್ಟರು.

ಕಾರ್ಡು ಹೋಯಿತು. ಅದು ಹೋಗಬೇಕಾದದ್ದೇ, ಮಬ್ಬು ಕವಿದ ಕಣ್ಣಿನಲ್ಲಿ ಲಾರಿ ಓಡಿಸಿದ್ದರೆ ಯಾರ ಮನೆಯ ದೀಪ ಆರುತ್ತಿತ್ತೋ. ಊರಿಗೆ ಬಂದ ದಿನವೇ ಪೆಟ್ಟಿಗೆಯಕ್ಕ ದೋಣಿಯವರ ಮುಂದೆ ನಿಂತು ಎಲ್ಲ ಹೇಳಿದಳು. ಕಾಯಿಲೆ ಮುಚ್ಚಿಟ್ಟಿದ್ದು, ಡಬ್ಬಿ, ಉಪ್ಪು, ಸೀಲು. ಮೂವತ್ತೆರಡು ಪೆಟ್ಟಿಗೆ ಚೆನ್ನಾಗಿತ್ತು ಎಂಬುದನ್ನೂ ಹೇಳಿದಳು. ಅದನ್ನೊಂದು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೆಲವರು ಬಹಳ ದಿನ ಮಾತು ಬಿಟ್ಟರು. ಒಂದು ಸೂಜಿಯ ಮೊನೆಗೆ ಒಂದು ಲಾರಿ ಮೀನು ಪೋಣಿಸಿದವಳು ಎಂದು ಕಟ್ಟೆಯ ಮೇಲೆ ಆಡಿಕೊಂಡರು. ಅತ್ತೆ ಮಾತ್ರ ಕಟ್ಟೆಗೆ ಕೋಲೂರಿಕೊಂಡು ಹೋಗಿ, ನಿಮ್ಮ ನಿಮ್ಮ ಮಕ್ಕಳನ್ನು ಒಂದು ಪೆಟ್ಟಿಗೆ ಮೀನಿಗೆ ತೂಗಿ ನೋಡಿ ಎಂದು ಬೈದು ಬಂದಳಂತೆ. ಆದರೂ ಮನೆಗೆ ಬಂದು ಸೊಸೆಯ ಕೈಗೆ ಜೀವ ಇಲ್ಲ ಎನ್ನುವುದನ್ನು ಬಿಡಲಿಲ್ಲ.

ಭಾವ ಈಗ ಶೆಡ್ಡಿನ ಮೂಲೆಯಲ್ಲಿ ಐಸು ಅರೆಯುವ ಯಂತ್ರ ನಡೆಸುತ್ತಾನೆ. ಸೂಜಿಯ ಡಬ್ಬಿ ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಗೂಡಿನಲ್ಲಿರುತ್ತದೆ. ಗಡಿಗೆ ಹೋಗುವ ಲಾರಿಗಳು ಬೇರೆಯವರವು. ಸೀಲು ಈಗಲೂ ಬೀಳುತ್ತದೆ. ಆದರೆ ಸಾಹೇಬ ತಂತಿ ಪೋಣಿಸುವ ಮೊದಲು ಪೆಟ್ಟಿಗೆಯಕ್ಕ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ನಿನ್ನದು ಏನಾದರೂ ಒಳಗೆ ಉಳಿಯಿತಾ, ಜೇಬು ಮುಟ್ಟಿ ನೋಡಿಕೋ ಎಂದು ಡ್ರೈವರನ್ನು ಕೇಳುತ್ತಾಳೆ. ಬುತ್ತಿ, ಕನ್ನಡಕ, ಮಾತ್ರೆ, ಕಾಗದ. ಮೊದಮೊದಲು ಸಾಹೇಬ ಗಡಿಯಾರ ನೋಡಿ ಹಲ್ಲು ಕಡಿಯುತ್ತಿದ್ದ. ಒಮ್ಮೆ ಒಬ್ಬ ಮುದಿ ಡ್ರೈವರು ಬಾಯಿ ಮುಟ್ಟಿ ನೋಡಿಕೊಂಡು, ಹಲ್ಲಿನ ಸೆಟ್ಟನ್ನೇ ಮೀನಿನ ಮೇಲೆ ಬಿಟ್ಟಿದ್ದೇನೆಂದು ಓಡಿದ. ಹದಿನಾಲ್ಕು ಹೆಂಗಸರೂ ಹೊಟ್ಟೆ ಹಿಡಿದು ನಕ್ಕರು, ಸಾಹೇಬನೂ ನಕ್ಕ. ಆಮೇಲಿಂದ ಅವನು ಇಕ್ಕಳ ಹಿಡಿದು ಅವಳ ಮುಖ ನೋಡುತ್ತಾನೆ. ಅವಳು ತಲೆಯಾಡಿಸಿದ ಮೇಲೇ ಒತ್ತುತ್ತಾನೆ.

ಹಲ್ಲಿನ ಸೆಟ್ಟಿನ ಆ ದಿನ ಪೆಟ್ಟಿಗೆಯಕ್ಕನೂ ಎಲ್ಲರ ಜೊತೆ ನಗುತ್ತಿದ್ದಳು. ಸೀಲು ಟಕ್ ಎಂದಾಗ ಮಾತ್ರ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಏನಕ್ಕ ಎಂದು ಪಕ್ಕದವಳು ಕೇಳಿದಳು.

"ಏನಿಲ್ಲ ಕಣೇ," ಎಂದಳು. "ಕೈ ತಣ್ಣಗಾಯ್ತು."